ಬಸಪ್ಪನ ಕಡೆಯ ಸನ್ನೆ

“ನೀವು ಇನ್ನೂ ಅದೀರೇನ್ರಿ, ಅಣ್ಣಾರ?”

ಕೊಲ್ಹಾಪುರದ ಆಸ್ಪತ್ರೆಯಲ್ಲಿ ಹೀಗೆ ಕೇಳಿ, ಬಸಪ್ಪನ ಹೆಂಡತಿ ತಾನೇ ಬಾಯಿ ಮುಚ್ಚಿಕೊಂಡಳು. ತಾಯಿಯನ್ನು ತೋರಿಸಲು ಬಂದಿದ್ದಳಂತೆ.

ಬಸಪ್ಪ, ನಾನು ಇಬ್ಬರೂ ಇಚಲಕರಂಜಿಯಲ್ಲಿ ಪವರ್‌ಲೂಮ್ ನಡೆಸಿದವರು. ಆದರೆ ಪರಿಚಯವಾದದ್ದು ಈ ಆಸ್ಪತ್ರೆಯಲ್ಲಿ, ಶ್ವಾಸಕೋಶದ ಕ್ಯಾನ್ಸರ್ ಇಬ್ಬರಲ್ಲೂ ಮೈಗೆಲ್ಲ ಹರಡಿದ ಮೇಲೆ. ಮಗ್ಗದ ಸಪ್ಪಳದಲ್ಲಿ ಮಾತು ಕೇಳಿಸದೆ ನೇಕಾರರು ಕೈಸನ್ನೆಯಲ್ಲೇ ಮಾತಾಡುತ್ತಾರೆ. ಇಲ್ಲೂ ಎದುರುಬದುರು ಕುಳಿತು ನಾವು ಹಾಗೆಯೇ ಹರಟುತ್ತಿದ್ದೆವು. ಇಬ್ಬರ ಗಡ್ಡೆಯ ತುಣುಕೂ ಪರೀಕ್ಷೆಗೆ ಹೋಯಿತು. ಹೊಸ ಗುಳಿಗೆ ನನ್ನ ಗಡ್ಡೆಗೆ ಹೊಂದಿತು, ಅವನದಕ್ಕೆ ಹೊಂದಲಿಲ್ಲ. ಅವನು ವರ್ಷದೊಳಗೆ ಹೋದ. ನನ್ನ ರೋಗವೇನೂ ಹೋಗಿಲ್ಲ, ಆದರೆ ದಿನಕ್ಕೊಂದು ಗುಳಿಗೆ ನುಂಗುತ್ತ ನಾಲ್ಕನೇ ವರ್ಷ ನಡೆದಿದೆ.

“ಕಡೀಕ ಅವರ ದನಿ ಹೋಗಿತ್ರಿ. ಬರೇ ಹಿಂಗ ಕೈ ಮಾಡತಿದ್ರು. ಹಂಗಂದ್ರ ಏನ್ರಿ?” ಎಂದಳು. ಅಂಗೈಯನ್ನು ಗಾಳಿಯಲ್ಲಿ ಒಂದು ಸುತ್ತು ತಿರುಗಿಸಿ, ಬಾಗಿಲ ಕಡೆ ಬೆರಳು ಮಾಡಿ ತೋರಿಸಿದಳು.

“ನನ್ನ ಮಗ್ಗಾನೂ ನೋಡ್ಕೊ, ಜರಾ ಹೊರಗ ಹೋಗಿ ಬರ್ತೇನಿ ಅಂತ, ತಂಗೆವ್ವಾ,” ಎಂದೆ.

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ತಾಯಿಯ ಕಡೆ ಹೋದಳು.

ಪಕ್ಕದ ನೇಕಾರ ತಲೆಯಾಡಿಸಿ ಒಪ್ಪುವವರೆಗೆ ಮಗ್ಗ ಬಿಟ್ಟು ಹೋಗಬಾರದು, ಅದು ಮಗ್ಗದ ಶೆಡ್ಡುಗಳ ರೀತಿ. ಬಸಪ್ಪ ಕೂಡುತ್ತಿದ್ದ ಕುರ್ಚಿಯ ಕಡೆ ನೋಡಿ ತಲೆಯಾಡಿಸಿದೆ. ಅಲ್ಲಿ ಕುಳಿತಿದ್ದ ಯಾರೋ ಒಬ್ಬರು, ತಮ್ಮ ಹಿಂದೆ ಯಾರಿದ್ದಾರೆಂದು ತಿರುಗಿ ನೋಡಿದರು.