ಮಾಷ್ ಎಳೆದಿಟ್ಟ ಪರದೆ

ನನಗೆ ಕಂಪ್ಯೂಟರ್ ಕಲಿಸಿದ ಮಾಷ್ ಅವರ ಎಡಗೈಯ ಕಿರುಬೆರಳು ಹೊರಕ್ಕೆ ಬಾಗಿತ್ತು. ಮುಖ ನಾನು ಕಂಡವಳಲ್ಲ. ಅವರ ಮನೆಯ ಮೆಟ್ಟಿಲನ್ನು ಮೊದಲ ಸಲ ಹತ್ತುವ ಹೊತ್ತಿಗೆ ನನ್ನ ಎರಡೂ ಕಣ್ಣು ಹೋಗಿ ವರ್ಷವಾಗಿತ್ತು. ಕೀಬೋರ್ಡಿನ ಎಡತುದಿಯ ಕ್ಯಾಪ್ಸ್ ಲಾಕ್ ಕೀಲಿಯ ಮೇಲೆ ಆ ಬೆರಳನ್ನಿಟ್ಟು, ನನ್ನ ಬೆರಳನ್ನು ಅದರ ಮೇಲೆ ಇರಿಸಿಕೊಂಡು, "ಇದು ಮನೆ. ಎಲ್ಲಿ ಹೋದರೂ ಇಲ್ಲಿಗೇ ಬರಬೇಕು" ಎಂದಿದ್ದರು. ಇಂದಿಗೂ ಆ ಕೀಲಿ ಒತ್ತುವಾಗ ನನ್ನ ಬೆರಳಿನಡಿ ಬಾಗಿದ ಬೆರಳೊಂದು ಇದ್ದ ಹಾಗಾಗುತ್ತದೆ. ಕೈ ತೆಗೆದು ಮತ್ತೆ ಇಡುತ್ತೇನೆ. ಇರುತ್ತದೆ.

ಕೊಚ್ಚಿಯ ಪಾಲಾರಿವಟ್ಟಂನಲ್ಲಿ ನನ್ನದು ಹಳೆಯ ಆಫೀಸು ಕುರ್ಚಿ-ಮೇಜುಗಳ ಅಂಗಡಿ. ಜಾಗ ಖಾಲಿ ಮಾಡುವ ಕಂಪನಿಗಳಿಂದ ಒಟ್ಟಿಗೇ ಕೊಂಡು, ಹೊಸದಾಗಿ ಶುರುಮಾಡುವವರಿಗೆ ಮಾರುವುದು. ಪುತ್ತೂರಿನಿಂದ ಬಂದು, ಯಾರ ಶಿಫಾರಸೂ ಇಲ್ಲದೆ ಕಟ್ಟಿದ್ದು. ಎದುರಿನವರ ಮುಖ ಓದುವುದೇ ನನ್ನ ಬಂಡವಾಳವಾಗಿತ್ತು. ಕಣ್ಣು ಹೋದ ಮೇಲೆ ನನಗೆ ಬಂದ ಪತ್ರಗಳನ್ನೂ ಬೇರೆಯವರಿಂದ ಓದಿಸಿಕೊಳ್ಳಬೇಕಾಯಿತು. ವ್ಯಾಪಾರಸ್ಥರು ಇದೊಂದನ್ನು ನೆನಪಿಟ್ಟುಕೊಳ್ಳಿ, ಕಾಗದ ಓದಿ ಹೇಳುವವನ ಕೈಗೆ ಅಂಗಡಿಯೇ ಹೋಗುತ್ತದೆ. ಒಂದೋ ಅಂಗಡಿ ಮಾರಬೇಕು, ಇಲ್ಲವೇ ಕಂಪ್ಯೂಟರಿನ ತೆರೆಯಲ್ಲಿದ್ದದ್ದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಕಲಿಯಬೇಕು, ಅಲ್ಲಿಗೆ ಬಂದು ನಿಂತಿದ್ದೆ.

ತಿರುವನಂತಪುರದಲ್ಲಿ ಕಾಸರಗೋಡಿನ ಕಡೆಯವರೊಬ್ಬರು ಕಲಿಸುತ್ತಾರೆಂದು ತಿಳಿಯಿತು. ಹುಟ್ಟಿನಿಂದಲೇ ಕಣ್ಣಿಲ್ಲದವರು, ಬ್ಯಾಂಕಿನಲ್ಲಿದ್ದು ನಿವೃತ್ತರಾದವರು. ಮಲಯಾಳದಲ್ಲಿ ಮೇಷ್ಟ್ರನ್ನು ಕರೆಯುವ ಹಾಗೆ ಎಲ್ಲರೂ ಅವರನ್ನು ಮಾಷ್ ಎನ್ನುತ್ತಿದ್ದರು. ಪ್ರತಿ ಶನಿವಾರ ಬೆಳಗಿನ ರೈಲಿನಲ್ಲಿ ಹೋಗತೊಡಗಿದೆ.

"ನೋಡಿ ಯಜಮಾನ್ತಿಯವರೇ, ನನ್ನ ಹಳೆಯ ಸ್ಕ್ರೀನ್ ರೀಡರ್ ಹೊಸ ಕಂಪ್ಯೂಟರಿಗೆ ಆಗುವುದಿಲ್ಲ. ಇದನ್ನು ನಾನೂ ಹೋದ ವಾರ ಶುರು ಮಾಡಿದ್ದು. ನಿಮಗಿಂತ ಒಂದು ಪಾಠ ಮುಂದೆ, ಅಷ್ಟೇ."

"ಹಾಗಾದ್ರೆ ಫೀಸೂ ಅರ್ಧ ಅಲ್ವಾ ಮಾಷೇ?"

"ಅರ್ಧ ಕೊಟ್ಟರೆ ಅರ್ಧ ವಾಕ್ಯ ಓದಿಸ್ತೇನೆ."

ಅರ್ಧ ವಾಕ್ಯ ನನ್ನ ರೋಗವೂ ಆಗಿತ್ತು. ಪತ್ರದ ಮೊದಲ ನಾಲ್ಕು ಮಾತು ಕೇಳಿ ಉಳಿದದ್ದನ್ನು ಊಹಿಸಿ ಮುಂದಕ್ಕೆ ಹಾರುತ್ತಿದ್ದೆ. ಅವರು ನನ್ನ ಕೈ ಹಿಡಿದು ನಿಲ್ಲಿಸುತ್ತಿದ್ದರು. "ಪೂರ್ತಿ ಕೇಳಿ ಮಾರಾಯ್ರೇ. ಎಂತ ಉಂಟೋ ಅದು. ನಿಮಗೆ ಬೇಕಾದ್ದಲ್ಲ."

ಅವರ ಯಂತ್ರ ಮಾತಾಡಿದರೆ ಒಗ್ಗರಣೆಗೆ ಸಾಸಿವೆ ಸಿಡಿದ ಹಾಗೆ. ಅಷ್ಟು ವೇಗ. ಚಹಾ ತಂದಿಡುತ್ತಿದ್ದ ಅವರ ಹೆಂಡತಿ, "ಇಷ್ಟು ವರ್ಷ ಆಯ್ತು, ಇದು ಎಂತ ಹೇಳ್ತದೆ ಅಂತ ನನಗೆ ಒಂದಕ್ಷರ ಗೊತ್ತಿಲ್ಲ" ಎನ್ನುವರು. "ಗೊತ್ತಾಗಬಾರದು ಅಂತಲೇ" ಎಂದು ಮಾಷ್ ನಗುವರು.

ಮೂರನೇ ತಿಂಗಳಲ್ಲಿ ನಾನು ಮುಗ್ಗರಿಸಿದೆ. ಕಳಮಶ್ಶೇರಿಯ ಕಡೆಯ ಒಬ್ಬಾತ ನೂರಿಪ್ಪತ್ತು ಕುರ್ಚಿ ಮಾರುವುದಕ್ಕೆ ಅಂಗಡಿಗೇ ಬಂದಿದ್ದ. ಹೆಚ್ಚೆಂದರೆ ಎಷ್ಟು ಕೊಡಬಹುದೆಂದು ನಾನೇ ಬರೆದಿಟ್ಟಿದ್ದನ್ನು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಜಂಬದಿಂದ ಓದಿಕೊಂಡೆ. ಆತ ಒಂದು ರೂಪಾಯಿ ಹೆಚ್ಚುಕಡಿಮೆಯಿಲ್ಲದೆ ಅದೇ ಬೆಲೆ ಹೇಳಿದ. ದನಿ ಬಂದ ದಿಕ್ಕು ಗಮನಿಸಿದಾಗ ಗೊತ್ತಾಯಿತು, ಆತ ಕೂತದ್ದು ನನ್ನ ಪಕ್ಕದಲ್ಲಿ. ನನ್ನ ಪಾಲಿಗೆ ಸತ್ತಿದ್ದ ತೆರೆ ಆತನಿಗೆ ಬೆಳಗುತ್ತಿತ್ತು.

ಮಾಷ್‌ಗೆ ಹೇಳಿದೆ. ನಗುತ್ತಾರೆಂದುಕೊಂಡಿದ್ದೆ, ನಗಲಿಲ್ಲ. ಪರದೆ ಎಳೆಯುವುದನ್ನು ಕಲಿಸಿದರು: ಕ್ಯಾಪ್ಸ್ ಲಾಕ್ ಹಿಡಿದು ಬೇರೆ ಕೀಲಿಗಳನ್ನು ಒತ್ತಿದರೆ ತೆರೆ ಪೂರ್ತಿ ಕಪ್ಪಾಗುತ್ತದೆ, ಒಳಗೆ ಕೆಲಸ ನಡೆದೇ ಇರುತ್ತದೆ, ಓದುವ ದನಿ ನಮಗೆ ಮಾತ್ರ. "ಕಾಣುವವರು ಇದ್ದಾರೆ ಅನ್ನುವುದು ನಮಗೆ ಮರೆತುಹೋಗ್ತದೆ" ಎಂದರು, ತುಂಬ ಮೆಲ್ಲಗೆ. ಆ ದನಿ ಆಗ ನನಗೆ ಅರ್ಥವಾಗಲಿಲ್ಲ.

ಮಳೆಗಾಲದ ಒಂದು ಬೆಳಿಗ್ಗೆ, ಹೆಂಡತಿ ನಡೆದಾಡಲು ಹೋಗಿದ್ದ ಮುಕ್ಕಾಲು ಗಂಟೆಯಲ್ಲಿ, ಅವರು ಕುರ್ಚಿಯಲ್ಲೇ ತೀರಿಹೋದರು. ಹೃದಯ ನಿಂತಿತ್ತು.

ಹದಿನಾರನೆಯ ದಿನದ ಕರ್ಮ ಕಳೆದ ಮೇಲೆ ಆಕೆಯ ಫೋನು ಬಂತು. ನನ್ನನ್ನು ಆಕೆ ಮಲಯಾಳದಲ್ಲಿ ಮಗಳೇ ಎಂದೇ ಕರೆಯುತ್ತಿದ್ದದ್ದು. "ಮೋಳೇ, ಇವರ ಕಂಪ್ಯೂಟರ್ ಆಫ್ ಮಾಡ್ಲಿಕ್ಕೆ ಮನಸ್ಸು ಬರಲಿಲ್ಲ, ಹಾಗೇ ಬಿಟ್ಟಿದ್ದೇನೆ. ತೆರೆ ಕಪ್ಪು, ಎಂತದೂ ಇಲ್ಲ. ಧೂಳು ಒರೆಸಲಿಕ್ಕೆ ಹೋದ್ರೆ ಮಾತಾಡ್ತದೆ. ರಿಪೇರಿಯವ ತೆರೆ ಹೋಗಿದೆ, ಬದಲಾಯಿಸಬೇಕು ಅಂತಾನೆ."

"ಯಾರಿಗೂ ಕೊಡಬೇಡಿ ಅಕ್ಕಾ, ಬಂದೆ" ಎಂದೆ.

ಅವರ ಕುರ್ಚಿಯಲ್ಲಿ ಕುಳಿತೆ. ಕುಳಿ ಬಿದ್ದ ಸೀಟು ನನಗೆ ಅಗಲವಾಗಿತ್ತು. ಆಕೆ ಹಿಂದೆ ನಿಂತು ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದರು: "ನಾನು ಆ ದಿನ ಮನೆಯಲ್ಲೇ ಇದ್ದಿದ್ರೆ. ಮಳೆ ಬರ್ತಿತ್ತು, ಹೋಗದಿದ್ರೂ ಆಗ್ತಿತ್ತು. 'ಹೋಗು ಹೋಗು' ಅಂತ ಇವರೇ ಕೊಡೆ ಕೊಟ್ಟರು."

ಅಭ್ಯಾಸಬಲದಿಂದ ಮೊದಲು ಇಯರ್‌ಫೋನ್ ಸಿಕ್ಕಿಸಿದೆ. ಕಳಿಸದೆ ಉಳಿದ ಪತ್ರವೊಂದು ತೆರೆದೇ ಇತ್ತು. ನನಗೆ ಬರೆದದ್ದು. 'ಯಜಮಾನ್ತಿಯವರೇ, ಡಾಕ್ಟರು ಹೇಳಿದ್ದನ್ನು ಮನೆಯಲ್ಲಿ ಹೇಳಿಲ್ಲ...'

ಅಷ್ಟಕ್ಕೇ ನಿಲ್ಲಿಸಿದೆ. ಗುಟ್ಟು ಮುಚ್ಚಿಟ್ಟ ಗಂಡ. ಕೇಳಿದರೆ ಈಕೆ ಮುರಿಯುತ್ತಾರೆ. ಮುಚ್ಚಿ, ಏನೂ ಇಲ್ಲ ಎಂದುಬಿಡಬಹುದಿತ್ತು. ನಾನು ಎಷ್ಟೋ ಜನರಿಗೆ ಹಾಗೆ ಹೇಳಿ ದಕ್ಕಿಸಿಕೊಂಡವಳು. ಕಿರುಬೆರಳಿನಡಿ ಏನೋ ಕದಲಿದ ಹಾಗಾಯಿತು. ಪೂರ್ತಿ ಕೇಳಿದೆ.

"ಎಂತ ಉಂಟು ಅದರಲ್ಲಿ?" ಆಕೆ ಕೇಳಿದರು.

"ಕೂತ್ಕೊಳ್ಳಿ ಅಕ್ಕಾ. ಪರದೆ ಎಳೆದಿಟ್ಟಿದ್ದಾರೆ, ತೆಗೀತೇನೆ. ನೀವೇ ಓದಿ."

"ಬೇಡ. ನಾನು ಓದಿದ್ರೆ ನನ್ನ ದನಿಯೇ ಕೇಳ್ತದೆ. ಇದರಿಂದಲೇ ಹೇಳಿಸು."

ಇಯರ್‌ಫೋನ್ ಕಿತ್ತೆ. ವೇಗ ಇಳಿಸಿದೆ. ಆ ಕೋಣೆಯಲ್ಲಿ ಆ ದನಿ ಮೊದಲ ಬಾರಿ ನಿಧಾನವಾಗಿ ಮಾತಾಡಿತು.

'ಯಜಮಾನ್ತಿಯವರೇ, ಡಾಕ್ಟರು ಹೇಳಿದ್ದನ್ನು ಮನೆಯಲ್ಲಿ ಹೇಳಿಲ್ಲ. ಹೃದಯ ಯಾವತ್ತು ಬೇಕಾದರೂ ನಿಲ್ಲಬಹುದಂತೆ. ಆಪರೇಷನ್ ನಾನೇ ಬೇಡವೆಂದೆ. ಹೇಳಿದರೆ ಇವಳು ಗೇಟು ದಾಟುವುದಿಲ್ಲ. ಬೆಳಿಗ್ಗೆ ಅವಳ ಚಪ್ಪಲಿ ಮೆಟ್ಟಿಲಿಳಿಯುವ ಶಬ್ದ ನನಗೆ ಬೇಕು. ಅವಳು ಲೋಕ ನೋಡಿಕೊಂಡು ಬಂದು ಹೇಳುವುದರಲ್ಲೇ ನಾನು ನೋಡಿದ್ದು. ನಾಳೆ ತನ್ನದೇ ತಪ್ಪೆಂದು ಕೂತಾಳು. ಕಷ್ಟದ ಮಾತನ್ನು ಎದುರಿನವರಿಗೆ ಒಪ್ಪಿಸುವುದು ನಿಮ್ಮ ಕಸುಬು. ಆಗ ನೀವು ಬಂದು'

ಅಲ್ಲಿಗೆ ನಿಂತಿತು. ಮುಂದೆ ಅಕ್ಷರವಿರಲಿಲ್ಲ.

ಕೆಳಗೆ ಯಾರೋ ಮೆಟ್ಟಿಲಿಳಿದು ಹೋದರು. ಆಕೆ ನನ್ನ ಹೆಗಲ ಮೇಲೆ ಕೈಯಿಟ್ಟರು.

"ಇನ್ನೊಮ್ಮೆ ಹಾಕು ಮೋಳೇ. ಅವರ ಸ್ಪೀಡಲ್ಲಿ."

ಕ್ಯಾಪ್ಸ್ ಲಾಕ್ ಹಿಡಿದು, ವೇಗ ಏರಿಸಿದೆ. ಸಾಸಿವೆ ಸಿಡಿದ ಹಾಗೆ ಸಿಡಿದು ಮುಗಿಯಿತು.

"ಹಾಂ" ಎಂದರು ಆಕೆ. "ಇವರೇ."