ದೊರೆಸಾನಿಗೆ ನಾನು ಹೇಳಬೇಕಿದ್ದ ಕಥೆ

ಮೂವತ್ತರ ದಶಕದಲ್ಲಿ ಒಬ್ಬ ಅಮೆರಿಕದ ದೊರೆಸಾನಿ ತಮಿಳು ಸೀಮೆಯ ನಮ್ಮ ಪೋತ್ತನೂರಿನಲ್ಲಿ ಕೆಲವು ವಾರ ಇಳಿದುಕೊಂಡಿದ್ದಳು. ಹಳೇ ಕಾಲದ ಕಥೆಗಳನ್ನು ದಪ್ಪ ದಪ್ಪ ಪುಸ್ತಕ ಮಾಡುವವಳಂತೆ. ಗುಲಾಮರ ಪಾಡು, ಗಂಡಸರ ಕುಡಿತ, ಹೆಂಗಸರ ಕಷ್ಟ ಎಲ್ಲ ಅದರಲ್ಲಿ ಬರುತ್ತದಂತೆ. ನಮ್ಮ ನೇಕಾರರ ಬೀದಿಗೆ ಜಟಕಾದಲ್ಲಿ ಬರುತ್ತಿದ್ದಳು. ಅವಳ ಮಾತನ್ನು ತಮಿಳಿಗೆ, ನಮ್ಮದನ್ನು ಇಂಗ್ಲಿಷಿಗೆ ತಿರುಗಿಸಲು ಒಬ್ಬ ಟೀಚರಮ್ಮ ಜೊತೆಗೆ. ನಮ್ಮ ಹಿರಿಯರು ಕನ್ನಡ ಸೀಮೆಯಿಂದ ಘಟ್ಟ ಇಳಿದು ಬಂದದ್ದನ್ನು ಹೆಂಗಸರ ಬಾಯಿಂದಲೇ ಕೇಳಬೇಕೆಂದು ಅವಳ ಆಸೆ.

ಆ ಕಥೆ ನನ್ನದು. ನನ್ನ ಗಂಡನ ಅಜ್ಜಿ ಹಾಸಿಗೆ ಹಿಡಿದಾಗ ತಲೆ ಬಾಚಿ, ಕಾಲು ಒತ್ತಿ, ಅವರ ಬಾಯಿಂದ ಕೇಳಿಸಿಕೊಂಡವಳು ನಾನು. ಕಿರಿ ಸೊಸೆ, ನನ್ನ ಓರಗಿತ್ತಿ, ಆ ಕೋಣೆಗೆ ತಲೆ ಹಾಕಿದವಳಲ್ಲ. ಆದರೆ ಅವಳು ಅತ್ತೆಗೆ ಒಡಹುಟ್ಟಿದ ಅಣ್ಣನ ಮಗಳು. ಅವಳ ಬಾಯಿಗೆ ಯಾರ ಅಡ್ಡಿ?

ದೊರೆಸಾನಿ ಕಥೆ ಕೇಳಲು ಬಂದ ಬೆಳಿಗ್ಗೆ ನಾವು ಪಾವು ಹಾಕಿದ್ದೆವು. ಎಂದರೆ ಮಗ್ಗಕ್ಕೆ ಏರಿಸುವ ನೂಲನ್ನು ಬೀದಿಯುದ್ದಕ್ಕೂ ಎಳೆದು ಕಟ್ಟಿ, ಗಂಜಿ ಬಳಿದು, ಕುಂಚದಿಂದ ಉಜ್ಜುತ್ತಾ ಹೋಗುವುದು. ನಡುವೆ ಕೈ ಬಿಟ್ಟರೆ ಎಳೆಗಳು ಒಂದಕ್ಕೊಂದು ಅಂಟಿ ಇಡೀ ಪಾವು ಹಾಳು. ಕುಂಚ ನನ್ನ ಕೈಯಲ್ಲಿತ್ತು. ಓರಗಿತ್ತಿ ಕೈ ಒರೆಸಿಕೊಂಡು ಮನೆ ಮುಂದಿನ ತಿಣ್ಣೆಯ ಮೇಲೆ ದೊರೆಸಾನಿಯ ಪಕ್ಕ ಕೂತೇಬಿಟ್ಟಳು, ಮಲ್ಲಿಗೆ ಬೇರೆ ಮುಡಿದು!

"ನಮ್ಮಜ್ಜಿ ಸೊಂಟಕ್ಕೆ ಕತ್ತಿ ಸಿಗಿಸಿಕೊಂಡು ಘಟ್ಟ ಇಳಿದರು," ಅಂದಳು.

ಎಲ್ಲಿಯ ಕತ್ತಿ! ಅಜ್ಜಿ ಬೆನ್ನಿಗೆ ಕಟ್ಟಿಕೊಂಡು ತಂದದ್ದು ಮಗ್ಗದ ಹಣಿಗೆ, ನೂಲಿನ ಎಳೆ ಹಾಯಿಸುವ ಬಾಚಣಿಗೆ. ಹಾದಿಯಲ್ಲಿ ಮಳೆ ಬಂದಾಗ ತಮ್ಮ ಸೆರಗು ಬಿಚ್ಚಿ ಅದಕ್ಕೆ ಹೊದಿಸಿದ್ದರು. ನನಗೆ ತಡೆಯಲಾಗಲಿಲ್ಲ. ಬೀದಿಯಿಂದಲೇ ಕೂಗಿದೆ:

"ಕತ್ತಿ ಅಲ್ಲ, ಹಣಿಗೆ!"

"ಅಮ್ಮಣಿ, ಕೈ ನಿಲ್ಲಿಸ್ಬೇಡ, ಗಂಜಿ ಒಣಗುತ್ತೆ," ಅಂದರು ಅತ್ತೆ. ಟೀಚರಮ್ಮ ನನ್ನ ಮಾತನ್ನು ತಿರುಗಿಸಲೇ ಇಲ್ಲ. ದೊರೆಸಾನಿ ಓರಗಿತ್ತಿಯ ಮುಖವನ್ನೇ ನೋಡುತ್ತಾ ಬರೆದದ್ದೇ ಬರೆದದ್ದು. ನಾನು ಉಜ್ಜಿದೆ. ಅಷ್ಟು ನುಣುಪಾದ ಪಾವು ನಮ್ಮ ಮನೆಯಲ್ಲಿ ಅದಕ್ಕೆ ಮುಂಚೆ ಆಗಿರಲಿಲ್ಲ.

ಪಾವು ಒಣಗಿತು. ಕೈ ತೊಳೆದು, ಸೆರಗು ಸರಿಮಾಡಿಕೊಂಡು, ಮೊದಲ ಮಾತನ್ನು ಮನಸ್ಸಿನಲ್ಲೇ ಜೋಡಿಸಿಕೊಂಡು ತಿಣ್ಣೆ ಹತ್ತಿದೆ. ಅತ್ತೆ ತಿರುಗಿ ನೋಡಿ, "ಬಂದ್ಯಾ? ಎಲ್ಲಾರ್ಗೂ ಮಜ್ಜಿಗೆ ತಾ," ಅಂದರು. ಹಿರಿ ಸೊಸೆಯಲ್ಲವೇ, ಮಜ್ಜಿಗೆ ತಂದೆ. ಅಷ್ಟರಲ್ಲಿ ಅಜ್ಜಿ ಆ ಕತ್ತಿಯಿಂದ ಹುಲಿಯನ್ನೂ ಕಡಿದಾಗಿತ್ತು.

ಎಲ್ಲರಿಗೂ ಲೋಟ ಕೊಟ್ಟೆ, ಓರಗಿತ್ತಿಯೊಬ್ಬಳನ್ನು ಬಿಟ್ಟು.

"ಅಕ್ಕಾ, ನಂಗೆ?"

"ಹುಲಿ ಕಡ್ದೋರ ಮೊಮ್ಮಗಳಿಗೆ ಮಜ್ಜಿಗೆ ಬಗ್ಗಿಸ್ಕೊಳ್ಳೋಕೆ ಕೈ ಇಲ್ವಾ?"

ಟೀಚರಮ್ಮ ಕಿಸಕ್ಕನೆ ನಕ್ಕರು. ದೊರೆಸಾನಿ ಏನು ಏನು ಎಂದು ಕೇಳಿದಳು. ಇದನ್ನು ಮಾತ್ರ ಟೀಚರಮ್ಮ ಬಿಡಿಸಿ ಬಿಡಿಸಿ ಹೇಳಿದರು. ದೊರೆಸಾನಿ ಮೊದಲ ಸಲ ನನ್ನ ಮುಖ ನೋಡಿ ನಕ್ಕಳು, ಬರೆದುಕೊಂಡಳು. ನಾನು ಹಣಿಗೆಯ ಮಾತು ತೆಗೆಯುವಷ್ಟರಲ್ಲಿ ಜಟಕಾದವನು ಹೊತ್ತಾಯಿತೆಂದು ಕೂಗಿದ.