ಹನ್ನೊಂದು ಇಪ್ಪತ್ತರ ಮುಹೂರ್ತ

ಸೌದಿ ಅರೇಬಿಯಾದಲ್ಲಿ ನಾನು ಕೆಲಸಕ್ಕೆ ಸೇರಿದ ದಿನ ತುಂಬಿಸಿಕೊಂಡ ಅರ್ಜಿಯಲ್ಲಿ ಹೆಸರಾದ ಮೇಲಿನ ಸಾಲೇ ಧರ್ಮದ್ದು. ರಕ್ತದ ಗುಂಪನ್ನು ಎರಡನೇ ಪುಟದಲ್ಲಿ ಕೇಳಿದ್ದರು. ಉಕ್ಕಿನ ಟ್ಯಾಂಕುಗಳನ್ನು ಪರೀಕ್ಷೆ ಮಾಡುವ ಕೆಲಸಕ್ಕೆ ಬಂದವನಿಗೆ ಪೆಟ್ಟಾದರೆ ಯಾವ ರಕ್ತ ಕೊಡಬೇಕು ಎನ್ನುವುದಕ್ಕಿಂತ, ಅವನು ಯಾವ ದೇವರವನು ಎನ್ನುವುದು ಅವರಿಗೆ ಮೊದಲು ಗೊತ್ತಾಗಬೇಕಿತ್ತು. ನಾಲ್ಕು ವರ್ಷ ಅಲ್ಲಿದ್ದೆ. ಆಗಿನ ಕಾಲಕ್ಕೆ ನಮಾಜಿನ ಹೊತ್ತಾಯಿತೆಂದರೆ ಅಂಗಡಿಗಳ ಷಟರ್ ಇಳಿಯುತ್ತಿತ್ತು. ಹಸಿದು ಬ್ರೆಡ್ಡಿಗೆ ಹೋದವನು ಮತ್ತೆ ಷಟರ್ ಏಳುವವರೆಗೆ ಬಿಸಿಲಲ್ಲಿ ನಿಂತಿರಬೇಕು. ರಂಜಾನ್ ತಿಂಗಳಲ್ಲಿ ನೀರು ಕುಡಿಯಲು ನಾವು ಪೈಪುಗಳ ರಾಶಿಯ ಹಿಂದೆ ಹೋಗುತ್ತಿದ್ದೆವು. ಊರಿನ ದೇವಿಯ ಫೋಟೊವನ್ನು ಬೀರುವಿನ ಬಾಗಿಲಿನ ಒಳಮೈಗೆ ಅಂಟಿಸಿ, ಅಂಗಿ ತೆಗೆಯುವ ನೆಪದಲ್ಲಿ ಕೈಮುಗಿಯುತ್ತಿದ್ದೆ. ದೇವರನ್ನು ಕಾಯಲು ಪೊಲೀಸರನ್ನು ನೇಮಿಸಿಕೊಂಡ ಆ ವ್ಯವಸ್ಥೆಯ ಬಗ್ಗೆ ನನಗೆ ಸಿಟ್ಟಿಗಿಂತ ಹೆಚ್ಚಾಗಿ ಅಸಡ್ಡೆ ಇತ್ತು. ಒಂದು ಮಾತು ಮಾತ್ರ ಹೇಳಬೇಕು. ನಮಾಜಿಗೆ ಹೋಗುವ ಮೊದಲು ನಮ್ಮ ಫೋರ್‌ಮನ್ ಪಂಪು ನಿಲ್ಲಿಸಿ, ಟ್ಯಾಂಕಿನ ಒತ್ತಡ ಪೂರ್ತಿ ಇಳಿಸಿ, ಬೀಗ ಹಾಕಿಯೇ ಹೋಗುತ್ತಿದ್ದ. ನಾಲ್ಕು ವರ್ಷದಲ್ಲಿ ಒಂದು ದಿನವೂ ತಪ್ಪಿಸಲಿಲ್ಲ.

ಆಮೇಲೆ ಮುಂಬಯಿ ಹತ್ತಿರದ ಡೊಂಬಿವಲಿಯ ಮನೆಗೆ ವಾಪಸ್ಸು ಬಂದು ಅಂಬರನಾಥದ ಒಂದು ಕಾರ್ಖಾನೆಗೆ ಸೇರಿದೆ. ಅಲ್ಲೂ ಅದೇ ಕೆಲಸ. ರಾಸಾಯನಿಕ ಕಂಪನಿಗಳಿಗೆ ಬೇಕಾದ ಟ್ಯಾಂಕುಗಳನ್ನು ನಾವು ಮಾಡುತ್ತಿದ್ದೆವು. ಕಳಿಸುವ ಮುಂಚೆ ಒಳಗೆ ನೀರು ತುಂಬಿ, ಪಂಪಿನಿಂದ ಒತ್ತಡ ಏರಿಸಿ, ಅರ್ಧ ಗಂಟೆ ಹಾಗೇ ಬಿಟ್ಟು, ಎಲ್ಲೂ ಸೋರಲಿಲ್ಲ ಎಂದು ಸಹಿ ಹಾಕುವವನು ನಾನು. ಯುರೋಪಿನ ಚೆಕ್ ಗಣರಾಜ್ಯದ ಒಂದು ಕಂಪನಿ ನಮ್ಮಲ್ಲಿ ಟ್ಯಾಂಕು ಕೊಳ್ಳಲು ಶುರು ಮಾಡಿದಾಗ, ಅವರ ಪದ್ಧತಿ ಕಲಿತು ಬರಲೆಂದು ನಮ್ಮ ಮಾಲೀಕರಾದ ಸೇಠರು ನನ್ನನ್ನು ಒಂದೂವರೆ ವರ್ಷ ಅಲ್ಲಿಗೆ ಕಳಿಸಿದರು.

ಅಲ್ಲಿನ ಅರ್ಜಿಯಲ್ಲಿ ಧರ್ಮದ ಸಾಲೇ ಇರಲಿಲ್ಲ. ಎಲ್ಲಿ ಬರೆಯಬೇಕು ಎಂದು ನಾನೇ ಕೇಳಿದೆ. ಆಫೀಸಿನ ಹೆಂಗಸು ಪೆನ್ನು ಕೆಳಗಿಟ್ಟು, "ಅದನ್ನು ನಾವು ಕೇಳುವ ಹಾಗಿಲ್ಲ, ನೀವು ಹೇಳಬೇಕಾಗಿಯೂ ಇಲ್ಲ" ಅಂದಳು, ನಾನು ಒಳಉಡುಪಿನ ಅಳತೆ ಹೇಳಲು ಹೊರಟಿದ್ದೆ ಅನ್ನುವ ಮುಖ ಮಾಡಿ. ನಾನಿದ್ದ ಊರಿನ ಒಂದು ಇಗರ್ಜಿಯಲ್ಲಿ ಕಾರ್ಪೆಟ್ ಮಾರುತ್ತಿದ್ದರು. ಶಿಲುಬೆ ಇದ್ದ ಜಾಗದ ಗೋಡೆ ಮಾತ್ರ ಸ್ವಲ್ಪ ಬಿಳಿಯಾಗಿ ಉಳಿದಿತ್ತು. ನಮ್ಮ ಮನೆಯೊಡತಿಯನ್ನು ಕೇಳಿದರೆ, "ಅದೆಲ್ಲ ನಮ್ಮಜ್ಜಿಯ ಕಾಲಕ್ಕೆ ಮುಗಿಯಿತು" ಅಂದಳು, ಹಳೇ ರೇಷನ್ ಕಾರ್ಡಿನ ವಿಷಯ ಹೇಳಿದ ಹಾಗೆ. ಮೊದಲ ವಾರ ತಪ್ಪು ಬೂಟು ಹಾಕಿಕೊಂಡು ಬಂದೆನೆಂದು ಪರೀಕ್ಷಾ ವಿಭಾಗದ ಎಂಜಿನಿಯರ್ ನನ್ನನ್ನು ಹೊರಗೆ ಕಳಿಸಿದ. ಮೂರು ಸಹಿ ಬೀಳದೆ ಪಂಪಿನ ಗುಂಡಿ ಒತ್ತುವಂತಿಲ್ಲ. ಟ್ಯಾಂಕಿನ ಮುಚ್ಚಳದ ಎದುರು ಅವನ ದೊಡ್ಡ ಸಾಹೇಬನೇ ಬಂದು ನಿಂತರೂ ಪರೀಕ್ಷೆ ನಿಲ್ಲಿಸುತ್ತಿದ್ದ. ದೇವರಿಲ್ಲದ ಆ ಊರು ನನಗೆ ಮೊದಮೊದಲು ಕೊರೆಯುವ ಚಳಿಗಿಂತ ಹೆಚ್ಚು ಬೇಸರ ತರಿಸಿತು. ಆದರೆ ಆರು ತಿಂಗಳಲ್ಲಿ ನನಗೂ ಅಭ್ಯಾಸವಾಯಿತು, ಕೈಮುಗಿಯುವುದು ತಾನಾಗಿ ನಿಂತುಹೋಯಿತು. ತಿರುಗಿ ಬರುವಾಗ, ನಮ್ಮವರೆಲ್ಲ ದಡ್ಡರು ಎಂಬ ಅಹಂಕಾರವನ್ನೂ ಪೆಟ್ಟಿಗೆಯಲ್ಲಿ ತುಂಬಿಕೊಂಡು ಬಂದೆ.

ಇಲ್ಲಿ ಧರ್ಮವನ್ನು ಯಾರೂ ಕೇಳುವುದಿಲ್ಲ. ಅಡ್ಡಹೆಸರು ಕೇಳಿದರೆ ಮುಗಿಯಿತು. ಬೆಳಿಗ್ಗೆ ಲೋಕಲ್ ರೈಲಿನಲ್ಲಿ ತಾಳ ಹಿಡಿದ ಭಜನೆಯವರು ತಮ್ಮ ಗುಂಪಿಗೆಂದು ಕರವಸ್ತ್ರ ಹಾಸಿ ಸೀಟು ಹಿಡಿಯುತ್ತಾರೆ. ಬಸುರಿಯ ಗಂಡ ಜಾಗ ಕೇಳಿದರೂ ಕಣ್ಣುಮುಚ್ಚಿ ಮುಂದಿನ ಚರಣ ಎತ್ತಿಕೊಳ್ಳುತ್ತಾರೆ. ಇನ್ನೊಂದು ಧರ್ಮದವರ ಧ್ವನಿವರ್ಧಕ ನಮ್ಮ ಕಟ್ಟಡದ ಹಿಂದೆ ಕೂಗಿದರೆ, ನಮ್ಮವರು ಮುಂದೆ ಅದಕ್ಕಿಂತ ದೊಡ್ಡದು ತಂದಿಡುತ್ತಾರೆ. ಇದಕ್ಕೆ ಅವರೆಲ್ಲ ಭಕ್ತಿ ಅನ್ನುತ್ತಾರೆ.

ನಮ್ಮ ಸೇಠರು ನನ್ನ ಕಡೆಯವರೇ, ಕರಾವಳಿಯವರು. ಠಾಣೆ ನಗರದಲ್ಲಿ ಅವರ ತಂದೆಗೆ ಹೋಟೆಲಿತ್ತು. ಮಗ ಅದನ್ನು ಮಾರಿ ಕಾರ್ಖಾನೆ ಹಾಕಿದರು. ಕೆಟ್ಟವರೆಂದು ಹೇಳಲಾರೆ. ಕಾರ್ಮಿಕರ ಮನೆಯ ಮದುವೆಗೆ ಹೋಗಿ ಕೂತು ಊಟ ಮಾಡುವವರು. ಆದರೆ ಹೊಸ ಡ್ರಿಲ್ಲಿಂಗ್ ಯಂತ್ರ ಬಂದರೂ ಭಟ್ಟರು, ಲಾರಿ ಹೊರಟರೂ ಭಟ್ಟರು. ಎರಡು ವರ್ಷದ ಹಿಂದೆ, ನಾವು ಅದುವರೆಗೆ ಮಾಡಿದ್ದರಲ್ಲೇ ಎಲ್ಲಕ್ಕಿಂತ ದೊಡ್ಡ ಟ್ಯಾಂಕು ಆ ಚೆಕ್ ಕಂಪನಿಗೆಂದು ತಯಾರಾಯಿತು. ಅದರ ಪರೀಕ್ಷೆಯನ್ನು ಕಣ್ಣಾರೆ ನೋಡಲು ಅಲ್ಲಿಂದ ಒಬ್ಬ ಎಂಜಿನಿಯರ್ ಬಂದ. ಬೂಟಿಗಾಗಿ ನನ್ನನ್ನು ಹೊರಗೆ ಕಳಿಸಿದವನೇ. ವಾರ್ಡಿನಿಂದ ಆರಿಸಿ ಬಂದ ನಗರಸೇವಕರನ್ನೂ ಕರೆದಿದ್ದರು. ಗುರುವಾರ, ಹನ್ನೊಂದು ಇಪ್ಪತ್ತಕ್ಕೆ ಮುಹೂರ್ತ.

ಆ ಬೆಳಿಗ್ಗೆ ಅಡ್ಡ ಮಲಗಿಸಿದ ಟ್ಯಾಂಕಿನ ತುದಿಗೆ ಮುಚ್ಚಳ ಕೂರಿಸುವುದು ತಡವಾಯಿತು. ಮುಚ್ಚಳದ ಬೋಲ್ಟುಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ, ಮೂರು ಸುತ್ತು ಬಿಗಿಯಬೇಕು. ನಮ್ಮದು ಒಂದು ಸುತ್ತು ಮಾತ್ರ ಆಗಿತ್ತು. ಬಿಗಿಯುತ್ತಿದ್ದವನು ವಿಜಯಪುರದ ಕಡೆಯ ಫಿಟ್ಟರ್. ಹನ್ನೆರಡು ವರ್ಷದಿಂದ ನನ್ನ ಜೊತೆ ಕೆಲಸ ಮಾಡುತ್ತಿದ್ದವನು, ಬೋಲ್ಟು ತಿರುಗಿಸುವ ಪಾನಾ ಹಿಡಿದರೆ ಬಿಗಿಯ ಅಳತೆಯನ್ನು ಕೈಯಲ್ಲೇ ಹೇಳುವವನು.

"ಸಾಹೇಬ್ರ, ಇನ್ನಾ ಎರಡ್ ಸುತ್ತ ಐತ್ರಿ. ಮುಕ್ಕಾಲ ತಾಸ ಬೇಕು," ಅಂದ.

ಸೇಠರ ಹತ್ತಿರ ಹೋಗಿ ಹೇಳಿದೆ. ಅವರು ರೇಷ್ಮೆ ಪಂಚೆಯಲ್ಲಿದ್ದರು. ಗಡಿಯಾರ ನೋಡಿದರು.

"ಎಂತ ಮಾರಾಯ್ರೆ, ಈಗ ಹೇಳುದಾ? ಇದು ತಪ್ಪಿದ್ರೆ ಇವತ್ತು ಬೇರೆ ಮುಹೂರ್ತ ಇಲ್ಲ, ಒಂದೂವರೆಗೆ ರಾಹುಕಾಲ ಶುರು. ನಗರಸೇವಕ್ರಿಗೆ ಹನ್ನೆರಡಕ್ಕೆ ಕಲ್ಯಾಣ್‌ನಲ್ಲಿ ಮೀಟಿಂಗ್ ಉಂಟು."

"ಪೂಜೆ ಮಾಡುವ, ಪಂಪು ಆಮೇಲೆ ಹಾಕುವ," ಅಂದೆ.

"ಪಂಪು ಶುರು ಮಾಡುದೇ ಮುಹೂರ್ತಕ್ಕೆ ಅಲ್ವಾ? ನೀವು ಓದಿದವರು, ಇಷ್ಟೂ ಗೊತ್ತಿಲ್ವಾ?"

ನಾನು ಚೆಕ್ ಎಂಜಿನಿಯರನ ಕಡೆ ಹೋದೆ. ಅವನು ಬೇಡ ಅಂದರೆ ಯಾರೂ ಮಾತಾಡುವ ಹಾಗಿಲ್ಲ. ಹಣೆಗೆ ಉದ್ದ ಕುಂಕುಮ, ಕೊರಳಿಗೆ ಚೆಂಡುಹೂವಿನ ಹಾರ, ಕೈಯಲ್ಲಿ ಫೋನು. ಟ್ಯಾಂಕಿಗೆ ಕಟ್ಟಿದ ದಾರ, ನಿಂಬೆಹಣ್ಣು, ಮಾವಿನ ತೋರಣ, ಎಲ್ಲದರ ಫೋಟೊ ಹಿಡಿಯುತ್ತಿದ್ದ. ಬೋಲ್ಟಿನ ವಿಷಯ ಇಂಗ್ಲಿಷಿನಲ್ಲಿ ಹೇಳಿದೆ. ಅವನು ನನ್ನ ಹೆಗಲ ಮೇಲೆ ಕೈಯಿಟ್ಟು ಹೇಳಿದ ಮಾತನ್ನು ನಾನು ಸಾಯುವವರೆಗೆ ಮರೆಯಲಾರೆ. "ಇದು ನಿಮ್ಮ ಸಂಸ್ಕೃತಿ, ನಾನು ಮಧ್ಯೆ ಬರುವುದು ಸರಿಯಲ್ಲ. ಎಷ್ಟು ಚೆಂದ. ನಮ್ಮಲ್ಲಿ ಇದೆಲ್ಲ ಕಳೆದುಹೋಯಿತು."

ಅವನ ದೇಶದಲ್ಲಿ ಮೂರು ಸಹಿ. ಇಲ್ಲಿ ಮೂರು ನಿಂಬೆಹಣ್ಣು ಸಾಕಾಯಿತು. ಇಲ್ಲಿ ಕೆಲಸ ಮಾಡುವವರ ಮೈ ಬೇರೆ ಲೋಹದ್ದು ಅಂದುಕೊಂಡಿದ್ದನೋ ಏನೋ. ಸೌದಿಯ ಪೊಲೀಸರ ಮೇಲಾಗಲಿ, ಲೋಕಲ್ಲಿನ ತಾಳದವರ ಮೇಲಾಗಲಿ ನನಗೆ ಅಷ್ಟು ಹೇಸಿಗೆ ಎಂದೂ ಬಂದಿರಲಿಲ್ಲ.

ಆದರೆ ಕಾಗದ ನನ್ನ ಕೈಯಲ್ಲಿತ್ತು. ಪರೀಕ್ಷೆಗೆ ಸಿದ್ಧ ಎಂಬ ಸಾಲಿನ ಕೆಳಗೆ ನಾನು ಸಹಿ ಹಾಕಿದೆ. ಬೈಯಲಿಲ್ಲ, ಹೊಡೆಯಲಿಲ್ಲ, ಕೆಲಸದಿಂದ ತೆಗೆಯುತ್ತೇನೆ ಎಂದು ಯಾರೂ ಹೆದರಿಸಲಿಲ್ಲ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು, ಭಟ್ಟರು ಮಂತ್ರ ನಿಲ್ಲಿಸಿ ಕಾಯುತ್ತಿದ್ದರು, ಅಷ್ಟೇ. ಎದುರಿನವರಿಗೆ ಇರುಸುಮುರುಸು ಆಗಬಾರದೆಂದು ಹಾಕಿದ ಸಹಿ ಅದು.

ಮುಚ್ಚಳದ ಎದುರು ಯಾವಾಗಲೂ ಕಟ್ಟುವ ಹಗ್ಗವನ್ನು ಅತಿಥಿಗಳು ನಿಲ್ಲಲೆಂದು ಬಿಚ್ಚಿದ್ದರು. ಹನ್ನೊಂದು ಇಪ್ಪತ್ತಕ್ಕೆ ನಗರಸೇವಕರು ಕಾಯಿ ಒಡೆದರು, ಪಂಪಿನ ಗುಂಡಿ ಒತ್ತಿದರು, ಚಪ್ಪಾಳೆಯಾಯಿತು. ಒತ್ತಡ ತೋರಿಸುವ ಗೇಜಿನ ಮುಳ್ಳು ಏರತೊಡಗಿತು. ಅತಿಥಿಗಳನ್ನು ನಾನು ಪ್ರಸಾದದ ಮೇಜಿನ ಕಡೆ ಸರಿಸಿದೆ. ಆಗ ಸೇಠರು ಫಿಟ್ಟರನಿಗೆ, "ಆ ಕಾಯಿ ಹೋಳು ತಕ್ಕೊಂಡು ಬಾ, ಯಾರಾದ್ರೂ ತುಳಿತಾರೆ" ಅಂದರು. ಅವನು ಚಪ್ಪಲಿ ಬಿಟ್ಟು, ಮುಚ್ಚಳದ ಬುಡದಲ್ಲಿ ಬಗ್ಗಿದ.

ಮೊದಲು ಸಿಳ್ಳೆಯಂಥ ಸದ್ದು. ನಾನು ಕೂಗಿದೆನೋ ಇಲ್ಲವೋ ಗೊತ್ತಿಲ್ಲ. ಮುಚ್ಚಳದ ಒಂದು ಅಂಚು ಬಾಯಿಬಿಟ್ಟು ನೀರು ಚಾಕುವಿನ ಹಾಗೆ ಹೊರಗೆ ಬಂತು. ಅವನನ್ನು ಎತ್ತಿ ಗೋಡೆಯವರೆಗೆ ಎಸೆಯಿತು. ಎಡಗಣ್ಣು ಆಗಲೇ ಹೋಯಿತು. ಹೆಗಲಿನ ಮೂಳೆ ಮೂರು ಕಡೆ ಮುರಿದಿತ್ತು. ಉಲ್ಲಾಸನಗರದ ಆಸ್ಪತ್ರೆಗೆ ನಗರಸೇವಕರ ಗಾಡಿಯಲ್ಲೇ ಒಯ್ದೆವು. ಸೀಟಿಗೆ ರಕ್ತ ತಾಗದಂತೆ ಅವರ ಡ್ರೈವರ್ ಪೂಜೆಯ ಶಾಲು ಹಾಸಿದ.

ಎರಡು ದಿನ ಬಿಟ್ಟು ವಿಚಾರಣೆಗೆ ಸರಕಾರಿ ಅಧಿಕಾರಿ ಬಂದರು. ಒಡೆದ ಜಾಗ ನೋಡುವ ಮೊದಲು, ನವಿ ಮುಂಬಯಿಯಲ್ಲಿ ತಮ್ಮ ಹೊಸ ಫ್ಲ್ಯಾಟಿನ ಗೃಹಪ್ರವೇಶ ಇದೆ, ಈ ಭಟ್ಟರು ಸಿಗುತ್ತಾರೋ ಎಂದು ಮರಾಠಿಯಲ್ಲಿ ಕೇಳಿದರು. ಸೇಠರು ಫೋನ್ ನಂಬರು ಕೊಟ್ಟರು. ಅದೇ ವಾರ ವಾಸ್ತು ನೋಡುವವನೊಬ್ಬ ಬಂದು, ಆಗ್ನೇಯ ಮೂಲೆಯಲ್ಲಿ ಶೌಚಾಲಯ ಇರುವುದೇ ಅಪಘಾತಕ್ಕೆ ಕಾರಣ ಅಂದ. ಮರುದಿನವೇ ಒಡೆಸಿದರು. ಹೊಸದು ಕಟ್ಟಲು ಮೂರು ತಿಂಗಳು ಹಿಡಿಯಿತು. ಅಲ್ಲಿಯವರೆಗೆ ಕಾರ್ಮಿಕರು ನಾಲೆಯ ದಂಡೆಗೆ ಹೋಗುತ್ತಿದ್ದರು. ಅಷ್ಟೊತ್ತಿಗೆ ಗೇಟಿನ ಪಕ್ಕ ಅಮೃತಶಿಲೆಯ ಗುಡಿ ಎದ್ದಿತ್ತು. ಅದಕ್ಕೆ ಒಂದೂವರೆ ತಿಂಗಳು ಸಾಕಾಯಿತು.

ಸೇಠರು ನನ್ನನ್ನು ಕ್ಯಾಬಿನ್ನಿಗೆ ಕರೆದು ಬಾಗಿಲು ಹಾಕಿದರು.

"ಆಕಸ್ಮಿಕ ಅಂತ ಬರೀರಿ. ಅವನ ಗ್ರಹಚಾರ ಅದು. ನಿಮ್ಮದೂ ಸಹಿ ಉಂಟಲ್ವಾ, ನಿಮಗೇ ತೊಂದ್ರೆ."

ಮನೆಯಲ್ಲಿ ಹೆಂಡತಿಗೆ ಹೇಳಿದೆ. ಅವಳು ಅಡುಗೆಮನೆಯಲ್ಲಿ ನೀರ್ದೋಸೆ ಹೊಯ್ಯುತ್ತಿದ್ದಳು. ಕಾವಲಿಯಿಂದ ಕಣ್ಣೆತ್ತದೆ, "ಇಡೀ ಲೋಕಕ್ಕೆ ಬೈತಾ ಕೂತ್ಕೊಳ್ಳುದಾದ್ರೆ ಬೇಡ. ಬರಿಯುದಾದ್ರೆ ಸಮಾ ಬರಿರಿ," ಅಂದಳು. ಆ ಮಾತು ನಾಟಿತು. ಊರೆಲ್ಲರನ್ನು ಕೀಳಾಗಿ ನೋಡುವುದು ನನಗೆ ಬಹಳ ಸುಲಭವಾಗಿ ಬರುತ್ತಿತ್ತು. ಅದರಿಂದ ಒಂದು ಬೋಲ್ಟೂ ಬಿಗಿಯಾಗಿರಲಿಲ್ಲ.

ಹೇಳಿಕೆಯಲ್ಲಿ ಇದ್ದದ್ದು ಇದ್ದ ಹಾಗೆ ಬರೆದೆ. ಬೋಲ್ಟುಗಳು ಒಂದೇ ಸುತ್ತು ಬಿಗಿಯಾಗಿದ್ದವು, ಹಗ್ಗ ಬಿಚ್ಚಿತ್ತು, ಮುಹೂರ್ತಕ್ಕಾಗಿ ಪಂಪು ಹಾಕಲಾಯಿತು, ಗೊತ್ತಿದ್ದೂ ನಾನು ಸಹಿ ಮಾಡಿದೆ. ಒಂದು ಪ್ರತಿ ಚೆಕ್ ಕಂಪನಿಗೂ ಹೋಯಿತು. ಆ ಎಂಜಿನಿಯರ್ ಉತ್ತರ ಬರೆಯಲಿಲ್ಲ. ಅವರ ಕಾನೂನು ವಿಭಾಗದಿಂದ, ನಮ್ಮ ಪ್ರತಿನಿಧಿ ಅಂದು ಬರೀ ವೀಕ್ಷಕನಾಗಿದ್ದ ಎಂದು ಎರಡು ಸಾಲು ಬಂತು. ಅಧಿಕಾರಿಯ ವರದಿಯಲ್ಲಿ ಮುಹೂರ್ತದ ಮಾತೇ ಇರಲಿಲ್ಲ, 'ಸಮಯದ ಅಭಾವ' ಎಂದಿತ್ತು. ತಪ್ಪು ಕಾರ್ಖಾನೆಯದೇ ಎಂಬುದನ್ನು ಮಾತ್ರ ಆ ವರದಿ ಒಪ್ಪಿತು. ನನ್ನ ಹೆಸರಿಗೂ ದಂಡ ಬಿತ್ತು, ಕೆಲಸವೂ ಹೋಯಿತು. ಎರಡನ್ನೂ ನಾನು ಪ್ರಶ್ನಿಸಲಿಲ್ಲ.

ಫಿಟ್ಟರನಿಗೆ ಪರಿಹಾರ ಸಿಗುವ ಮೊದಲೇ ಸೇಠರು ಅವನಿಗೊಂದು ಕೆಲಸ ಕೊಟ್ಟರು. ಗೇಟಿನ ಗುಡಿಯಲ್ಲಿ ಗಂಟೆ ಒರೆಸುವುದು, ಬಂದವರ ಚಪ್ಪಲಿ ಕಾಯುವುದು. ಅವನಿಗೆ ಬೇಸರವಿರಲಿಲ್ಲ. ಒಮ್ಮೆ ವಿಠ್ಠಲವಾಡಿಯ ಸಾಲುಮನೆಗಳ ಚಾಳಿನಲ್ಲಿರುವ ಅವನ ಒಂಟಿಕೋಣೆಯ ಖೋಲಿಗೆ ಹೋದಾಗ ನನ್ನನ್ನೇ ಸಮಾಧಾನ ಮಾಡಿದ.

"ದೇವ್ರು ಒಂದ್ ಕಣ್ಣ ಉಳಿಸ್ಯಾನಲ್ಲರಿ ಸಾಹೇಬ್ರ. ಎರಡೂ ಹೋಗಿದ್ರ ಏನ್ ಮಾಡಬೇಕಿತ್ತು."

ನನಗೆ ಅವನ ಮೇಲೂ ಒಳಗೊಳಗೇ ಜಿಗುಪ್ಸೆ ಬಂತು. ಅದನ್ನಿಲ್ಲಿ ಮುಚ್ಚಿಟ್ಟರೆ ಇಷ್ಟು ಹೊತ್ತು ಬರೆದದ್ದು ಸುಳ್ಳಾಗುತ್ತದೆ. ಅವನ ಹೆಂಡತಿ ಚಹಾ ತಂದಿಟ್ಟಳು. ಕಟ್ಟಡಗಳಲ್ಲಿ ಇಟ್ಟಿಗೆ ಹೊರುವ ಹೆಂಗಸು. ಅಲ್ಲಿಯವರೆಗೆ ನನ್ನ ಜೊತೆ ಒಂದು ಮಾತೂ ಆಡಿರಲಿಲ್ಲ.

"ಕಣ್ಣ ತಗೊಂಡು ದೇವ್ರ ಮುಂದ ಚಪ್ಪಲಿ ಕಾಯಾಕ ಇಟ್ಟಾರ," ಅಂದಳು. "ಇವ್ರು ಅದ್ಕ ಕೈ ಮುಗೀತಾರ. ನಾ ಆ ಗುಡಿ ಮೆಟ್ಲ ಹತ್ತೂದಿಲ್ಲ."

ಗಂಡ, "ಸುಮ್ನಿರ," ಅಂದ.

"ಯಾಕ ಸುಮ್ನಿರ್ಲಿ? ಸಾಹೇಬ್ರ, ನಿಮಗ ಗೊತ್ತಿತ್ತಲ್ಲರಿ, ಬೋಲ್ಟ ಬಿಗಿ ಇಲ್ಲ ಅಂತ?"

"ಗೊತ್ತಿತ್ತು," ಅಂದೆ.

"ನೀವು ದೇವ್ರ ನಂಬತೀರೇನು?"

"ಇಲ್ಲ."

"ಮತ್ಯಾಕ ಸೈ ಮಾಡಿದ್ರಿ? ನಂಬೂ ಮಂದಿ ಮಾಡಿದ್ರ ತಿಳೀತೈತಿ. ನಂಬದವ್ರು ನೀವ್ಯಾಕ ಮಾಡಿದ್ರಿ?"

ಉತ್ತರಕ್ಕೆ ಅವಳು ಕಾಯಲಿಲ್ಲ. ಅಂಗವಿಕಲರ ಪ್ರಮಾಣಪತ್ರಕ್ಕೆ ಕಲ್ಯಾಣದ ಸರಕಾರಿ ಆಸ್ಪತ್ರೆಗೆ ಹೋಗಬೇಕು, ಅಲ್ಲಿನ ಕಾಗದವೆಲ್ಲ ಮರಾಠಿಯಲ್ಲಿ ಇರುತ್ತದೆ, ಬರುತ್ತೀರಾ ಎಂದು ಕೇಳಿದಳು. ಬರುತ್ತೇನೆ ಅಂದೆ. ಸೋಮವಾರ ಬೆಳಿಗ್ಗೆ ಎಂಟಕ್ಕೆ ಇಬ್ಬರೂ ಪ್ಲ್ಯಾಟ್‌ಫಾರ್ಮಿನಲ್ಲಿದ್ದರು. ಅವಳು ಗಂಡನನ್ನು ಅವನ ಎಡಗಡೆಯಿಂದ ಹಿಡಿದುಕೊಂಡಿದ್ದಳು. ನನ್ನನ್ನು ನೋಡಿ ತಲೆಯಾಡಿಸಿ, ಕಾಗದಗಳ ಚೀಲವನ್ನು ನನ್ನ ಕೈಗೆ ಕೊಟ್ಟಳು.